ಮುಚ್ಚದ ತೂಬು



ತಮ್ಮ ತಾಯಿಯ ನೆನಪಿಗೆ ದತ್ತಿ ಇಟ್ಟಿರುವ ಮನೆಯವರು ಈ ಉಪನ್ಯಾಸಕ್ಕೆ ನನ್ನನ್ನು ಕರೆಯಲು ಬಂದಾಗ ಕೇಳಿದ್ದು ಒಂದೇ: "ಅಮ್ಮನಿಗೆ ಬಂದ ಕಾಯಿಲೆ ಒಳಗೆ ಏನು ಮಾಡುತ್ತದೆ ಅನ್ನುವುದನ್ನು ನಮಗೆ ಅರ್ಥವಾಗುವ ಹಾಗೆ ಹೇಳಿ, ಸರ್." ನಾನು ವೈದ್ಯನಲ್ಲ. ಪದವಿ ಕಾಲೇಜಿನಲ್ಲಿ ಮೂವತ್ತೆರಡು ವರ್ಷ ಜೀವರಸಾಯನಶಾಸ್ತ್ರ ಪಾಠ ಹೇಳಿದವನು. ಆದರೂ ಒಪ್ಪಿಕೊಂಡೆ. ಯಾಕೆಂದರೆ ಇದೇ ಪ್ರಶ್ನೆಯನ್ನು ಹಿಂದೆ ನಮ್ಮ ಮನೆಯಲ್ಲೇ ಒಬ್ಬರು ಕೇಳಿದ್ದರು.

2010ರಲ್ಲಿ ನನ್ನ ಅಕ್ಕನಿಗೆ ಸ್ತನ ಕ್ಯಾನ್ಸರ್ ಎಂದು ಗೊತ್ತಾಯಿತು. ಆಪರೇಷನ್ ಆಗಿ ಎರಡು ವಾರಕ್ಕೆ ಪೆಥಾಲಜಿ ವರದಿ ಬಂತು. ಅಕ್ಕ ಅದನ್ನು ನನ್ನ ಕೈಗಿಟ್ಟು, "ನೀನು ಇದನ್ನೇ ಅಲ್ವೇನೋ ಪಾಠ ಮಾಡೋದು? ಓದಿ ಹೇಳು, ಇದರಲ್ಲಿ ಏನಿದೆ" ಅಂದಳು. ಗಂಟಿನ ಅಳತೆ ಇತ್ತು, ಕಂಕುಳ ಗ್ರಂಥಿಗಳ ಲೆಕ್ಕ ಇತ್ತು. ಕೊನೆಯಲ್ಲಿ ಮೂರು ಸಾಲು: ಇಆರ್, ಪಿಆರ್, ಹರ್-2. ಮೂರೂ ಗ್ರಾಹಕಗಳ ಹೆಸರು. ಮೊದಲಿನ ಎರಡು ಹೆಣ್ಣಿನ ಹಾರ್ಮೋನುಗಳಿಗೆ ಸಂಬಂಧಪಟ್ಟವು. ಮೂರನೆಯದು ಬೆಳವಣಿಗೆಯ ಅಂಶಗಳ ಗ್ರಾಹಕಗಳ ಮನೆತನಕ್ಕೆ ಸೇರಿದ್ದು. ಆ ಮೂರನೆಯ ಸಾಲು ನಮ್ಮ ಕಾಗದಗಳೊಳಗೆ ಬಂದು ಕೂತ ದಾರಿಯೇ ಇವತ್ತಿನ ನನ್ನ ವಿಷಯ.

ಗ್ರಾಹಕ ಅಂದರೆ ಅಂಗಡಿಗೆ ಬರುವವನು ಎಂದೇ ನಮಗೆ ಮೊದಲು ಹೊಳೆಯುತ್ತದೆ. ಪದದ ಮೂಲ ಅರ್ಥ ತೆಗೆದುಕೊಳ್ಳುವವನು, ಹಿಡಿಯುವವನು ಎಂದು. ಹರ್-2ರಂಥ ಗ್ರಾಹಕ ಎಂದರೆ ಜೀವಕೋಶದ ಹೊರಪೊರೆಯಲ್ಲಿ ನಾಟಿಕೊಂಡಿರುವ ಪ್ರೋಟೀನು; ಅದು ಹೊರಗಿನಿಂದ ಬಂದ ಸುದ್ದಿಯನ್ನು ಹಿಡಿದು ಒಳಕ್ಕೆ ತಲುಪಿಸುತ್ತದೆ. ತರಗತಿಯಲ್ಲಿ ಇದನ್ನು ವಿವರಿಸುವಾಗ ನಾನು ಸದಾ ಕೆರೆಯ ತೂಬಿನ ಉದಾಹರಣೆ ಕೊಡುತ್ತಿದ್ದೆ. ಕೆರೆಗೆ ಏರಿ ಇದೆ. ಏರಿಯ ಅಡಿಯಲ್ಲಿ, ಈ ಬದಿಯಿಂದ ಆ ಬದಿಗೆ ಹಾಯುವಂತೆ ತೂಬು ಇದೆ. ನೀರಗಂಟಿ ಬಂದು ಕೆರೆಯ ಕಡೆಯ ಬಿರಡೆ ಎತ್ತಿದರೆ ಈಚೆಗೆ ಕಾಲುವೆಯಲ್ಲಿ ನೀರು ಹರಿಯುತ್ತದೆ. ಗದ್ದೆ ತುಂಬಿದ ಮೇಲೆ ಅವನೇ ಮುಚ್ಚುತ್ತಾನೆ. ಕೋಶಪೊರೆ ಆ ಏರಿ. ಗ್ರಾಹಕ ಆ ತೂಬು. ಬೆಳವಣಿಗೆಯ ಅಂಶ ಎಂದು ನಾವು ಕರೆಯುವ ಸಣ್ಣ ಪ್ರೋಟೀನು ಆ ನೀರಗಂಟಿ. "ಈಗ ಬೆಳೆ, ಈಗ ಎರಡಾಗು" ಎಂಬ ಅಪ್ಪಣೆ ಹೊರಗಿನಿಂದ ಬಂದರೆ ಮಾತ್ರ ಆರೋಗ್ಯವಂತ ಕೋಶ ಒಡೆದು ಎರಡಾಗುತ್ತದೆ. ಕೈ ಕುಯ್ದುಕೊಂಡರೆ ಚರ್ಮ ಕೂಡಿಕೊಳ್ಳುವುದೂ, ಕೂಡಿಕೊಂಡ ಮೇಲೆ ಬೆಳೆಯುವುದನ್ನು ನಿಲ್ಲಿಸುವುದೂ ಈ ಶಿಸ್ತಿನಿಂದಲೇ. ಈ ತೂಬನ್ನು ಇಡೀ ಉಪನ್ಯಾಸದುದ್ದಕ್ಕೂ ನೆನಪಿನಲ್ಲಿಡಬೇಕೆಂದು ಕೇಳಿಕೊಳ್ಳುತ್ತೇನೆ.

ಇಂಥ ನೀರಗಂಟಿ ಒಬ್ಬನಿದ್ದಾನೆ ಎಂಬುದನ್ನು ಮೊದಲು ಕಂಡವರಲ್ಲಿ ರೀಟಾ ಲೆವಿ-ಮೊಂಟಾಲ್ಚಿನಿ ಮುಖ್ಯರು. ಇಟಲಿಯ ಟ್ಯೂರಿನ್‌ನಲ್ಲಿ 1909ರಲ್ಲಿ ಹುಟ್ಟಿದ ಯಹೂದಿ ಹೆಣ್ಣುಮಗಳು, ವೈದ್ಯೆ. 1938ರಲ್ಲಿ ಮುಸೊಲಿನಿಯ ಸರ್ಕಾರ ತಂದ ಜನಾಂಗೀಯ ಕಾನೂನುಗಳಿಂದ ವಿಶ್ವವಿದ್ಯಾಲಯದ ಬಾಗಿಲು ಆಕೆಗೆ ಮುಚ್ಚಿತು. ಆಕೆ ಮನೆಯ ಮಲಗುವ ಕೋಣೆಯನ್ನೇ ಪ್ರಯೋಗಾಲಯ ಮಾಡಿಕೊಂಡು, ಕೋಳಿಮೊಟ್ಟೆಯೊಳಗಿನ ಭ್ರೂಣಗಳಲ್ಲಿ ನರಗಳು ಬೆಳೆಯುವ ಬಗೆಯನ್ನು ನೋಡುತ್ತಾ ಕುಳಿತರು. ಬಾಂಬ್ ದಾಳಿ ಹೆಚ್ಚಾದಾಗ ಸೂಕ್ಷ್ಮದರ್ಶಕವನ್ನು ಹಳ್ಳಿಯ ಮನೆಗೆ ಸಾಗಿಸಿ ಅಲ್ಲಿ ಮುಂದುವರಿಸಿದರು. ಯುದ್ಧ ಮುಗಿದ ಮೇಲೆ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿದ್ದ ವಿಜ್ಞಾನಿ ವಿಕ್ಟರ್ ಹ್ಯಾಂಬರ್ಗರ್ ರೀಟಾ ಅವರನ್ನು ಅಲ್ಲಿಗೆ ಕರೆಸಿಕೊಂಡರು. ಇಲಿಯ ಒಂದು ಬಗೆಯ ಗೆಡ್ಡೆಯನ್ನು ಕೋಳಿಭ್ರೂಣಕ್ಕೆ ನಾಟಿದರೆ ನರದ ಎಳೆಗಳು ಆ ಗೆಡ್ಡೆಯ ಕಡೆಗೆ ಹುಚ್ಚೆದ್ದು ಬೆಳೆಯುತ್ತಿದ್ದವು. ಗೆಡ್ಡೆಯಿಂದ ಏನೋ ಒಂದು ಹೊರಬರುತ್ತಿದೆ ಎಂದು ಅವರಿಗೆ ಖಾತ್ರಿಯಾಯಿತು. 1952ರಲ್ಲಿ ಗೆಡ್ಡೆಯಿರುವ ಇಲಿಗಳನ್ನು ಜೊತೆಯಲ್ಲಿಟ್ಟುಕೊಂಡು ವಿಮಾನ ಹತ್ತಿ ರಿಯೋ ಡಿ ಜನೈರೋಗೆ ಹೋದರು. ಅಲ್ಲಿ ಅಂಗಾಂಶವನ್ನು ಗಾಜಿನ ತಟ್ಟೆಯಲ್ಲಿ ಬೆಳೆಸುವ ವ್ಯವಸ್ಥೆ ಇತ್ತು. ನರಗಂಟಿನ ಸುತ್ತ ಸೂರ್ಯನ ಕಿರಣಗಳಂತೆ ಎಳೆಗಳು ಹರಡಿದ್ದನ್ನು ಅಲ್ಲಿ ಕಂಡರು.

ಮರುವರ್ಷ ಸೇಂಟ್ ಲೂಯಿಸ್‌ಗೆ ಸ್ಟ್ಯಾನ್ಲಿ ಕೊಹೆನ್ ಎಂಬ ಜೀವರಸಾಯನಶಾಸ್ತ್ರಜ್ಞರು ಬಂದು ಸೇರಿದರು. ಆ ವಸ್ತು ಪ್ರೋಟೀನೋ ನ್ಯೂಕ್ಲಿಯಿಕ್ ಆಮ್ಲವೋ ತಿಳಿಯಬೇಕಿತ್ತು. ನ್ಯೂಕ್ಲಿಯಿಕ್ ಆಮ್ಲವನ್ನು ಕತ್ತರಿಸುವ ಕಿಣ್ವ ಹಾವಿನ ವಿಷದಲ್ಲಿ ಧಾರಾಳವಾಗಿ ಇರುತ್ತದೆ, ಹಾಗಾಗಿ ವಿಷವನ್ನು ಬೆರೆಸಿ ನೋಡಿದರು. ನರಗಳ ಬೆಳವಣಿಗೆ ನಿಲ್ಲಬಹುದು ಎಂದುಕೊಂಡಿದ್ದರೆ ಅದು ಇನ್ನೂ ಹೆಚ್ಚಾಯಿತು. ಗೆಡ್ಡೆಗಿಂತ ವಿಷದಲ್ಲೇ ಆ ವಸ್ತು ಹೇರಳವಾಗಿತ್ತು. ಹಾವಿನ ವಿಷಗ್ರಂಥಿ ಎಂದರೆ ಮಾರ್ಪಾಟಾದ ಜೊಲ್ಲುಗ್ರಂಥಿ ತಾನೇ, ಹಾಗಾದರೆ ಇಲಿಯ ಜೊಲ್ಲುಗ್ರಂಥಿಯಲ್ಲಿ ಹುಡುಕೋಣ ಎಂದು ಕೊಹೆನ್ ಹೊರಟರು. ಗಂಡು ಇಲಿಯ ಜೊಲ್ಲುಗ್ರಂಥಿಯಲ್ಲಿ ಅದು ಸಿಕ್ಕಿತು. ಒಂದು ತರ್ಕ ಇನ್ನೊಂದರ ಬೆನ್ನು ಹತ್ತಿ ಹೋದ ಈ ನಡಿಗೆಯನ್ನು ಎಷ್ಟು ಸಲ ಪಾಠ ಮಾಡಿದರೂ ನನಗೆ ಸಾಕೆನಿಸಿಲ್ಲ.

ನಮಗೆ ಬೇಕಾದ ಘಟನೆ ನಡೆದದ್ದು ಅದಾದ ಮೇಲೆ. ಪೂರ್ತಿ ಶುದ್ಧವಾಗದ ಆ ಗ್ರಂಥಿಯ ಸಾರವನ್ನು ಆಗತಾನೆ ಹುಟ್ಟಿದ ಇಲಿಮರಿಗಳಿಗೆ ಚುಚ್ಚಿದಾಗ ಅವು ಕಣ್ಣುಬಿಟ್ಟವು. ಇಲಿಮರಿ ಸಾಮಾನ್ಯವಾಗಿ ಕಣ್ಣುಬಿಡುವುದು ಹನ್ನೆರಡರಿಂದ ಹದಿನಾಲ್ಕನೆಯ ದಿನಕ್ಕೆ. ಇವು ಆರೇಳು ದಿನಕ್ಕೇ ಕಣ್ಣು ತೆರೆದಿದ್ದವು. ಹಲ್ಲೂ ಬೇಗ ಮೂಡಿತ್ತು. ನರಕ್ಕೂ ಕಣ್ಣರೆಪ್ಪೆಗೂ ಏನು ಸಂಬಂಧ? ಇದು ಬೇರೆಯದೇ ಇರಬೇಕು ಎಂದು ಕೊಹೆನ್ ಆ ಎಳೆಯನ್ನು ಬಿಡಲಿಲ್ಲ. ನ್ಯಾಶ್‌ವಿಲ್‌ನ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯಕ್ಕೆ ಹೋದ ಮೇಲೆ 1962ರಲ್ಲಿ ಅದನ್ನು ಬೇರ್ಪಡಿಸಿದ ವರದಿ ಪ್ರಕಟಿಸಿದರು. ಚರ್ಮದ ಹೊರಪದರದ ಕೋಶಗಳನ್ನು ಬೆಳೆಸುವ ಅಂಶ ಅದು. ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ಇಜಿಎಫ್. 1972ರ ಹೊತ್ತಿಗೆ ಅದರ ಐವತ್ತಮೂರು ಅಮೈನೋ ಆಮ್ಲಗಳ ಸಾಲು ಪೂರ್ತಿ ತಿಳಿದಿತ್ತು. 1986ರಲ್ಲಿ ರೀಟಾ ಮತ್ತು ಕೊಹೆನ್ ಇಬ್ಬರಿಗೂ ನೊಬೆಲ್ ಬಂತು.

ನೀರಗಂಟಿ ಸಿಕ್ಕ, ತೂಬು ಎಲ್ಲಿ? ಎ431 ಎಂಬ ಮಾನವ ಕ್ಯಾನ್ಸರ್ ಕೋಶಗಳ ತಳಿ ಇಲ್ಲಿ ನೆರವಿಗೆ ಬಂತು. ಆ ಒಂದೊಂದು ಕೋಶದ ಮೈಮೇಲೂ ಇಜಿಎಫ್ ಗ್ರಾಹಕಗಳು ಇಪ್ಪತ್ತು ಲಕ್ಷದಷ್ಟು ಇರುತ್ತವೆ. ಅದರ ಪೊರೆಗೆ ಇಜಿಎಫ್ ಸೇರಿಸಿದ ಕೂಡಲೇ ಅಲ್ಲಿನ ಪ್ರೋಟೀನುಗಳಿಗೆ ಫಾಸ್ಫೇಟ್ ಅಂಟಿಕೊಳ್ಳುವುದು ಕೊಹೆನ್ ತಂಡಕ್ಕೆ ಕಾಣಿಸಿತು. ಗ್ರಾಹಕವೇ ಒಂದು ಕಿಣ್ವ. ಹೊರಗಿನ ತುದಿಯಲ್ಲಿ ಸುದ್ದಿ ಹಿಡಿಯುತ್ತದೆ, ಒಳಗಿನ ತುದಿಯಲ್ಲಿ ಕೆಲಸ ಶುರುಮಾಡುತ್ತದೆ. ಫಾಸ್ಫೇಟ್ ಯಾವ ಅಮೈನೋ ಆಮ್ಲಕ್ಕೆ ಅಂಟುತ್ತಿದೆ ಎಂಬುದಕ್ಕೆ ಉತ್ತರ ಬಂದದ್ದು ಕ್ಯಾಲಿಫೋರ್ನಿಯಾದ ಸಾಲ್ಕ್ ಸಂಸ್ಥೆಯಿಂದ. ಟೋನಿ ಹಂಟರ್ 1979ರಲ್ಲಿ ಕ್ಯಾನ್ಸರ್ ತರುವ ಒಂದು ವೈರಸ್ಸಿನ ಪ್ರೋಟೀನನ್ನು ಪರೀಕ್ಷಿಸುತ್ತಿದ್ದಾಗ ಹೊಸ ಬಫರ್ ದ್ರಾವಣ ಮಾಡಿಕೊಳ್ಳದೆ ಹಳೆಯದನ್ನೇ ಬಳಸಿದರು. ಅದರ ಪಿಎಚ್ 1.9 ಇರಬೇಕಾದದ್ದು 1.7ಕ್ಕೆ ಇಳಿದಿತ್ತು. ಆ ಸಣ್ಣ ವ್ಯತ್ಯಾಸದಿಂದಾಗಿ ಅದುವರೆಗೆ ಒಂದೇ ಚುಕ್ಕೆಯಾಗಿ ಕಾಣುತ್ತಿದ್ದದ್ದು ಎರಡಾಗಿ ಬಿಡಿಸಿಕೊಂಡಿತು. ಹೊಸ ಚುಕ್ಕೆ ಟೈರೊಸಿನ್‌ದು. ಕೋಶದೊಳಗೆ ಫಾಸ್ಫೇಟ್ ಅಂಟಿದ ಅಮೈನೋ ಆಮ್ಲಗಳಲ್ಲಿ ಟೈರೊಸಿನ್ ಪಾಲು ಹತ್ತು ಸಾವಿರಕ್ಕೆ ಐದರ ಆಸುಪಾಸು. ಅಷ್ಟು ವಿರಳವಾದ್ದರಿಂದಲೇ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಮರುವರ್ಷ ಇಜಿಎಫ್ ಗ್ರಾಹಕದ ಒಳತುದಿಯೂ ಟೈರೊಸಿನ್‌ಗೇ ಫಾಸ್ಫೇಟ್ ಅಂಟಿಸುತ್ತದೆ ಎಂದು ತಿಳಿಯಿತು. ಕ್ಯಾನ್ಸರ್ ವೈರಸ್ಸಿನ ಕಸುಬೂ ಬೆಳವಣಿಗೆಯ ಗ್ರಾಹಕದ ಕಸುಬೂ ಒಂದೇ ಆಗಿತ್ತು.

ಕೆಲಸ ನಡೆಯುವ ಬಗೆ ಹೀಗೆ. ಸುದ್ದಿ ಇಲ್ಲದಾಗ ಗ್ರಾಹಕಗಳು ಮೈ ಮಡಿಚಿಕೊಂಡಿರುತ್ತವೆ. ಇಜಿಎಫ್ ಬಂದು ಕೂತಾಗ ಗ್ರಾಹಕದ ಹೊರಭಾಗ ನೆಟ್ಟಗಾಗಿ ತೋಳೊಂದು ಚಾಚಿಕೊಳ್ಳುತ್ತದೆ. ಪಕ್ಕದಲ್ಲಿ ಹಾಗೆಯೇ ಚಾಚಿರುವ ಇನ್ನೊಂದು ಗ್ರಾಹಕ ಅದನ್ನು ಹಿಡಿಯುತ್ತದೆ. ಜೋಡಿಯಾದ ಮೇಲೆ ಒಳತುದಿಗಳು ಒಂದರ ಟೈರೊಸಿನ್‌ಗಳಿಗೆ ಇನ್ನೊಂದು ಫಾಸ್ಫೇಟ್ ಅಂಟಿಸುತ್ತವೆ. ಅಲ್ಲಿಂದ ರಾಸ್ ಎಂಬ ಪ್ರೋಟೀನಿನ ಮೂಲಕ ಒಂದು ಕಾಲುವೆ, ಪಿಐ3 ಕೈನೇಸ್ ಮೂಲಕ ಇನ್ನೊಂದು ಕಾಲುವೆ, ಹೀಗೆ ಅಪ್ಪಣೆ ಕೋಶಕೇಂದ್ರದವರೆಗೆ ಹರಿಯುತ್ತದೆ. ಕೆಲಸ ಆದ ಮೇಲೆ ಜೋಡಿಯನ್ನು ಪೊರೆಯ ಸಮೇತ ಒಳಕ್ಕೆ ಎಳೆದುಕೊಂಡು ಕರಗಿಸಿಬಿಡುವ ಏರ್ಪಾಡೂ ಇದೆ. ತೂಬು ಮುಚ್ಚುವುದು ಎಂದರೆ ಅದು.

ಇನ್ನು ತೂಬು ಕೆಡುವ ಬಗೆಗಳಿಗೆ ಬರುತ್ತೇನೆ.

ಮೊದಲನೆಯದು ತಿಳಿದದ್ದು ಕೋಳಿಗಳಿಂದ. ಕೋಳಿಯ ಗೆಡ್ಡೆಯನ್ನು ವೈರಸ್ ತರುತ್ತದೆ ಎಂದು ಪೇಟನ್ ರೌಸ್ 1911ರಲ್ಲೇ ತೋರಿಸಿದ್ದರು. ಕೋಳಿಗಳಿಗೆ ರಕ್ತದ ಕ್ಯಾನ್ಸರ್ ತರುವ ಇನ್ನೊಂದು ವೈರಸ್ಸಿನಲ್ಲಿ ಅರ್ಬ್-ಬಿ ಎಂಬ ವಂಶವಾಹಿ ಇತ್ತು. ಅದು ಮಾಡುವ ಕೆಲಸ ಯಾರಿಗೂ ತಿಳಿದಿರಲಿಲ್ಲ. 1984ರಲ್ಲಿ ಲಂಡನ್‌ನಲ್ಲಿ ಮೈಕೆಲ್ ವಾಟರ್‌ಫೀಲ್ಡ್ ಮತ್ತು ಸಂಗಡಿಗರು ಇಜಿಎಫ್ ಗ್ರಾಹಕವನ್ನು ಶುದ್ಧಮಾಡಿ, ಅದರ ತುಣುಕುಗಳ ಅಮೈನೋ ಆಮ್ಲಗಳನ್ನು ಓದಿ, ಆಗ ತಿಳಿದಿದ್ದ ಪ್ರೋಟೀನುಗಳ ಪಟ್ಟಿಯ ಜೊತೆ ಕಂಪ್ಯೂಟರಿನಲ್ಲಿ ಹೋಲಿಸಿದರು. ಹೋಲಿಕೆ ಸಿಕ್ಕಿದ್ದು ಕೋಳಿಯ ವೈರಸ್ಸಿನಲ್ಲಿ. ಹೊಂದಿದ ತುಣುಕುಗಳ 83 ಅಮೈನೋ ಆಮ್ಲಗಳಲ್ಲಿ 74 ಅವೇ. ಹಿಂದೆಂದೋ ಈ ವೈರಸ್ಸು ಕೋಳಿಯ ಗ್ರಾಹಕದ ವಂಶವಾಹಿಯನ್ನು ಕದ್ದೊಯ್ದಿತ್ತು, ಅದೂ ತುಂಡು ಮಾಡಿ. ಇಜಿಎಫ್ ಹಿಡಿಯುವ ಹೊರಭಾಗ ಹೆಚ್ಚುಕಡಿಮೆ ಪೂರ್ತಿ ಹೋಗಿತ್ತು, ಒಳಗಿನ ಕಿಣ್ವ ಉಳಿದಿತ್ತು. ಬಿರಡೆಯೇ ಮುರಿದುಹೋದ ತೂಬು ಎಂದುಕೊಳ್ಳಿ. ನೀರಗಂಟಿ ಬರಲಿ ಬಿಡಲಿ, ಹಗಲೂ ರಾತ್ರಿ ನೀರು ಹರಿಯುತ್ತಲೇ ಇರುತ್ತದೆ.

ಎರಡನೆಯದನ್ನು ಕಂಡದ್ದು ಅಮೆರಿಕದ ರಾಬರ್ಟ್ ವೈನ್‌ಬರ್ಗ್ ಅವರ ಪ್ರಯೋಗಾಲಯ. ಗರ್ಭಿಣಿ ಇಲಿಗೆ ಒಂದು ರಾಸಾಯನಿಕ ಕೊಟ್ಟಾಗ ಮರಿಗಳ ನರಗಳಲ್ಲಿ ಗೆಡ್ಡೆ ಬರುತ್ತಿತ್ತು. ಆ ಗೆಡ್ಡೆಗಳ ವಂಶವಾಹಿಗೆ ನ್ಯೂ ಎಂದು ಹೆಸರಿಟ್ಟರು. ಅದೂ ಇಜಿಎಫ್ ಗ್ರಾಹಕದ ಹತ್ತಿರದ ಸಂಬಂಧಿ. ಪೊರೆಯೊಳಗೆ ಹುದುಗಿರುವ ಭಾಗದಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾಗಿತ್ತು. ಅಷ್ಟಕ್ಕೇ ಎರಡು ಗ್ರಾಹಕಗಳು ಸುದ್ದಿಯಿಲ್ಲದೆ ಜೋಡಿಯಾಗಿ ನಿಂತುಬಿಡುತ್ತಿದ್ದವು.

ಮೂರನೆಯ ಬಗೆಗೆ ಬಂದರೆ ನನ್ನ ಅಕ್ಕನ ವರದಿಯ ಮೂರನೆಯ ಸಾಲು ಎದುರಾಗುತ್ತದೆ. ಆ ನ್ಯೂ ವಂಶವಾಹಿಯ ಮಾನವ ರೂಪವನ್ನು 1985ರಲ್ಲಿ ಹಲವು ಗುಂಪುಗಳು ಒಂದೇ ಹೊತ್ತಿಗೆ ಪತ್ತೆಹಚ್ಚಿದವು. ಅವರಲ್ಲಿ ಜೆನೆಂಟೆಕ್ ಕಂಪನಿಯ ಆಕ್ಸೆಲ್ ಉಲ್ರಿಕ್ ಒಬ್ಬರು. ಮಾನವ ಇಜಿಎಫ್ ಗ್ರಾಹಕಗಳ ಸಾಲಿನಲ್ಲಿ ಎರಡನೆಯದು ಎಂಬ ಅರ್ಥದಲ್ಲಿ ಹರ್-2 ಎಂದು ಕರೆದರು. 17ನೆಯ ಕ್ರೋಮೊಸೋಮಿನ ಮೇಲಿದೆ. ಈ ಗ್ರಾಹಕದ ವಿಶೇಷವೆಂದರೆ ಇದಕ್ಕೆ ತನ್ನದೇ ಆದ ನೀರಗಂಟಿ ಇಲ್ಲ. ತೋಳು ಸದಾ ಚಾಚಿಕೊಂಡೇ ಇರುತ್ತದೆ, ಮನೆತನದ ಬೇರೆ ಗ್ರಾಹಕಗಳ ಜೊತೆ ಸೇರಿ ಅವುಗಳ ಸುದ್ದಿಗೆ ಬಲ ಕೊಡುತ್ತದೆ. ಲಾಸ್ ಏಂಜಲೀಸ್‌ನ ಡೆನ್ನಿಸ್ ಸ್ಲೇಮನ್ ಎಂಬ ವೈದ್ಯರ ಬಳಿ ರೋಗಿಗಳ ಗೆಡ್ಡೆಗಳ ಸಂಗ್ರಹ ಇತ್ತು; ಉಲ್ರಿಕ್ ಅವರ ಬಳಿ ವಂಶವಾಹಿ ಇತ್ತು. ಇಬ್ಬರೂ ಸೇರಿದರು. 189 ಸ್ತನದ ಗೆಡ್ಡೆಗಳನ್ನು ನೋಡಿದಾಗ ಸುಮಾರು 30 ಪ್ರತಿಶತದಲ್ಲಿ ಹರ್-2 ವಂಶವಾಹಿ ಎರಡಕ್ಕೆ ಬದಲಾಗಿ ಹತ್ತಾರು ಪ್ರತಿಗಳಲ್ಲಿತ್ತು. 1987ರಲ್ಲಿ ಇದು ಪ್ರಕಟವಾಯಿತು. ಆ ಹೆಂಗಸರಲ್ಲಿ ರೋಗ ಬೇಗ ಮರುಕಳಿಸಿತ್ತು, ಅವರು ಬೇಗ ತೀರಿಕೊಂಡಿದ್ದರು. ಆಮೇಲಿನ ದೊಡ್ಡ ಲೆಕ್ಕಗಳಲ್ಲಿ ಈ ಪಾಲು 15ರಿಂದ 20 ಪ್ರತಿಶತಕ್ಕೆ ಬಂದು ನಿಂತಿದೆ. ಇಲ್ಲಿ ಯಾವ ತೂಬೂ ಮುರಿದಿಲ್ಲ. ಒಂದು ಏರಿಗೆ ಒಂದು ತೂಬು ಇರಬೇಕಾದಲ್ಲಿ ನೂರು ತೂಬು ಕೊರೆದಿದ್ದಾರೆ. ಬಿರಡೆಗಳು ಅಷ್ಟಷ್ಟೇ ಸೋರಿದರೂ ಸಾಕು, ಗದ್ದೆ ಮುಳುಗುತ್ತದೆ.

ಇದು ತಿಳಿದ ಮೇಲೆ ಸ್ಲೇಮನ್ ಕೇಳಿಕೊಂಡ ಪ್ರಶ್ನೆ ನೇರವಾದದ್ದು: ತೂಬು ಕೋಶದ ಹೊರಮೈಯಲ್ಲೇ ಇದೆಯಲ್ಲ, ಹೊರಗಿನಿಂದಲೇ ಅದಕ್ಕೆ ಅಡ್ಡ ಹಾಕಬಾರದೇಕೆ? ಹರ್-2ಗೆ ಅಂಟುವ ಪ್ರತಿಕಾಯವನ್ನು ಇಲಿಯಲ್ಲಿ ಬೆಳೆಸಿದರು. ಇಲಿಯ ಪ್ರತಿಕಾಯವನ್ನು ಮನುಷ್ಯರ ಮೈ ಪರಕೀಯ ಎಂದು ಹೊರಹಾಕುತ್ತದೆ. ಆದ್ದರಿಂದ 1992ರ ಹೊತ್ತಿಗೆ ಗುರಿ ಹಿಡಿಯುವ ತುದಿಯನ್ನಷ್ಟೇ ಇಲಿಯದಾಗಿ ಇಟ್ಟುಕೊಂಡು ಉಳಿದದ್ದನ್ನು ಮಾನವ ಪ್ರತಿಕಾಯವನ್ನಾಗಿ ಬದಲಿಸಿದರು. ಅದೇ ಟ್ರಾಸ್ಟುಜುಮ್ಯಾಬ್. ಪ್ರಯೋಗ ನಡೆಯುತ್ತಿದ್ದ ವರ್ಷಗಳಲ್ಲಿ ಸಾವಿನ ಅಂಚಿನಲ್ಲಿದ್ದ ಹೆಂಗಸರಿಗೆ ಔಷಧ ಕೊಡಿ ಎಂದು ಒತ್ತಾಯಿಸಿ ರೋಗಿಗಳ ಸಂಘಟನೆಗಳು ಕಂಪನಿಯ ಆವರಣಕ್ಕೇ ಕಾರುಗಳ ಮೆರವಣಿಗೆ ಒಯ್ದಿದ್ದವು. ಔಷಧದ ಚರಿತ್ರೆಯಲ್ಲಿ ಆ ಹೆಂಗಸರಿಗೂ ಪಾಲಿದೆ. 1998ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ರೋಗ ಹರಡಿದ್ದ 469 ಹೆಂಗಸರ ಮೇಲಿನ ಪ್ರಯೋಗದಲ್ಲಿ ಬದುಕಿನ ಮಧ್ಯಮಾವಧಿ ಇಪ್ಪತ್ತು ತಿಂಗಳಿಂದ ಇಪ್ಪತ್ತೈದು ತಿಂಗಳಿಗೆ ಏರಿತು. ಐದು ತಿಂಗಳು ಎಂದರೆ ಕಡಿಮೆ ಎನಿಸಬಹುದು. ಆದರೆ 2005ರಲ್ಲಿ, ಆಪರೇಷನ್ ಆದ ಮೇಲೆ ಒಂದು ವರ್ಷ ಕೊಟ್ಟಾಗ ರೋಗ ಮರುಕಳಿಸುವುದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ ಎಂಬ ಫಲಿತಾಂಶ ಬಂತು. ಅತ್ಯಂತ ಕೆಟ್ಟ ಸ್ತನ ಕ್ಯಾನ್ಸರ್ ಎನಿಸಿದ್ದ ಬಗೆ, ಒಳ್ಳೆಯ ಚಿಕಿತ್ಸೆ ಇರುವ ಬಗೆಯಾಯಿತು.

ಹೃದಯದ ವಿಷಯವನ್ನೂ ಹೇಳಬೇಕು. ಮೊದಲ ಪ್ರಯೋಗದಲ್ಲಿ, ಆಂಥ್ರಸೈಕ್ಲಿನ್ ಎಂಬ ಕೀಮೋ ಔಷಧದ ಜೊತೆಗೇ ಟ್ರಾಸ್ಟುಜುಮ್ಯಾಬ್ ಪಡೆದವರಲ್ಲಿ 27 ಪ್ರತಿಶತ ಮಂದಿಯ ಹೃದಯದ ಶಕ್ತಿ ಕುಗ್ಗಿತು. ಹೃದಯದ ಸ್ನಾಯುವಿಗೂ ಹರ್-2 ಬೇಕು. ಈ ವಂಶವಾಹಿ ಇಲ್ಲದ ಇಲಿಭ್ರೂಣಗಳು ಹೃದಯ ಸರಿಯಾಗಿ ರೂಪುಗೊಳ್ಳದೆ ಸಾಯುತ್ತವೆ. ಗೆಡ್ಡೆಯಲ್ಲಿ ನಾವು ಮುಚ್ಚಲು ಹೊರಟ ತೂಬೇ ಹೃದಯದಲ್ಲಿ ದಿನದಿನದ ನೀರು ಹರಿಸುತ್ತಿದೆ. ಆದ್ದರಿಂದ ಈ ಔಷಧ ಪಡೆಯುವವರು ಮೂರು ತಿಂಗಳಿಗೊಮ್ಮೆ ಎಕೋ ಪರೀಕ್ಷೆ ಮಾಡಿಸಿಕೊಳ್ಳುವುದನ್ನು ತಪ್ಪಿಸಬಾರದು. ಸಾಮಾನ್ಯವಾಗಿ ಔಷಧ ನಿಲ್ಲಿಸಿದರೆ ಹೃದಯ ಚೇತರಿಸಿಕೊಳ್ಳುತ್ತದೆ.

ಶ್ವಾಸಕೋಶದ ಕ್ಯಾನ್ಸರಿನ ಕತೆ ಬೇರೆ ದಾರಿಯಲ್ಲಿ ನಡೆಯಿತು. ಅಲ್ಲಿ ಮೊದಲು ಔಷಧ ಬಂತು, ಕಾರಣ ಆಮೇಲೆ ತಿಳಿಯಿತು. ಇಜಿಎಫ್ ಗ್ರಾಹಕದ ಒಳತುದಿಯನ್ನು ತಡೆಯುವ ಗೆಫಿಟಿನಿಬ್ ಎಂಬ ಮಾತ್ರೆಗೆ 2003ರಲ್ಲಿ ಅಮೆರಿಕ ಅನುಮತಿ ಕೊಟ್ಟಾಗ ಅದು ಅಲ್ಲಿನ ಹತ್ತು ರೋಗಿಗಳಲ್ಲಿ ಒಬ್ಬರಿಗೆ ಮಾತ್ರ ನಾಟುತ್ತಿತ್ತು. ನಾಟಿದವರಿಗೆ ಮಾತ್ರ ಅದ್ಭುತವಾಗಿ ನಾಟುತ್ತಿತ್ತು. ಅವರಲ್ಲಿ ಹೆಚ್ಚಿನವರು ಬೀಡಿ ಸಿಗರೇಟು ಮುಟ್ಟದವರು, ಹೆಂಗಸರು, ಏಷ್ಯಾ ಮೂಲದವರು. 2004ರಲ್ಲಿ ಬಾಸ್ಟನ್ನಿನ ಎರಡು ಗುಂಪುಗಳೂ ನ್ಯೂಯಾರ್ಕಿನ ಒಂದು ಗುಂಪೂ ಉತ್ತರ ಕಂಡುಕೊಂಡವು: ಆ ರೋಗಿಗಳ ಗೆಡ್ಡೆಯಲ್ಲಿ ಇಜಿಎಫ್ ಗ್ರಾಹಕದ ಕಿಣ್ವಭಾಗದಲ್ಲೇ ಒಂದು ಬದಲಾವಣೆ ಆಗಿರುತ್ತದೆ. ಅದಾದ ಮೇಲೆ ಹಾಂಗ್‌ಕಾಂಗ್‌ನ ಟೋನಿ ಮೋಕ್ ನೇತೃತ್ವದಲ್ಲಿ ಏಷ್ಯಾದ 1,217 ರೋಗಿಗಳ ಮೇಲೆ ನಡೆದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಬದಲಾವಣೆ ಇದ್ದವರಲ್ಲಿ ನೂರಕ್ಕೆ 71 ಮಂದಿಯ ಗೆಡ್ಡೆ ಮಾತ್ರೆಗೆ ಕುಗ್ಗಿತು. ಇಲ್ಲದವರಲ್ಲಿ ನೂರಕ್ಕೆ ಒಬ್ಬರದು. ಕ್ಯಾನ್ಸರ್ ವಿಜ್ಞಾನದಲ್ಲಿ ಇಷ್ಟು ಸ್ಪಷ್ಟವಾದ ಎರಡು ಅಂಕಿಗಳು ಪಕ್ಕಪಕ್ಕದಲ್ಲಿ ಸಿಗುವುದು ಅಪರೂಪ. ರೋಗ ಯಾವ ಅಂಗದ್ದು ಎಂದು ಕೇಳಿದರೆ ಇಬ್ಬರದೂ ಶ್ವಾಸಕೋಶದ್ದೇ. ಯಾವ ತೂಬು ಕೆಟ್ಟಿದೆ ಎಂದು ಕೇಳಿದಾಗ ಮಾತ್ರ ಅವು ಎರಡು ಬೇರೆ ಬೇರೆ ರೋಗ. ಭಾರತದಲ್ಲಿ ಅಡಿನೋಕಾರ್ಸಿನೋಮಾ ಬಗೆಯ ಶ್ವಾಸಕೋಶದ ಕ್ಯಾನ್ಸರ್ ಇರುವವರಲ್ಲಿ ಸುಮಾರು ನಾಲ್ಕರಲ್ಲೊಬ್ಬರಿಗೆ ಈ ಬದಲಾವಣೆ ಇರುತ್ತದೆ. ಪರೀಕ್ಷೆ ಮಾಡಿಸದೆ ಕೀಮೋ ಶುರು ಮಾಡಿದರೆ ಆ ನಾಲ್ಕನೆಯವರಿಗೆ ಅನ್ಯಾಯವಾಗುತ್ತದೆ.

ಮಾತ್ರೆಯ ಪ್ರಭಾವ ವರ್ಷದ ಆಸುಪಾಸಿನಲ್ಲಿ ತಗ್ಗುತ್ತದೆ. ಸುಮಾರು ಅರ್ಧ ರೋಗಿಗಳಲ್ಲಿ ಗ್ರಾಹಕದ 790ನೆಯ ಸ್ಥಾನದ ಅಮೈನೋ ಆಮ್ಲ ಬದಲಾಗಿ ಮಾತ್ರೆ ನಾಟದೆ ಹೋಗುತ್ತದೆ. ಅದಕ್ಕಾಗಿ ಒಸಿಮರ್ಟಿನಿಬ್ ಎಂಬ ಇನ್ನೊಂದು ಮಾತ್ರೆ 2015ರಲ್ಲಿ ಬಂತು. ಅದನ್ನೂ ದಾಟುವ ಬದಲಾವಣೆಗಳು ಈಗ ಕಂಡಿವೆ. ದೊಡ್ಡಕರುಳಿನ ಕ್ಯಾನ್ಸರಿನಲ್ಲಂತೂ ಸುಮಾರು 40 ಪ್ರತಿಶತ ರೋಗಿಗಳಲ್ಲಿ ಗ್ರಾಹಕದ ಕೆಳಗಿರುವ ರಾಸ್ ಪ್ರೋಟೀನೇ ಕೆಟ್ಟಿರುತ್ತದೆ. ಕಾಲುವೆಯ ದಂಡೆ ಕೆಳಗಡೆ ಒಡೆದಿರುವಾಗ ಮೇಲೆ ತೂಬು ಮುಚ್ಚಿ ಪ್ರಯೋಜನವಿಲ್ಲ. ಅಂಥವರಿಗೆ ಇಜಿಎಫ್ ಗ್ರಾಹಕದ ಪ್ರತಿಕಾಯ ಕೊಡಬಾರದೆಂದು 2008ರಿಂದೀಚೆಗೆ ತಿಳಿದಿದೆ.

ನಮ್ಮ ನಾಡಿನ ಕ್ಯಾನ್ಸರ್ ಎಂದರೆ ಬಾಯಿಯದು. ಬಾಯಿ ಗಂಟಲಿನ ಕ್ಯಾನ್ಸರುಗಳಲ್ಲಿ ಬಹುಪಾಲು ಕೋಶಗಳ ಮೇಲೆ ಇಜಿಎಫ್ ಗ್ರಾಹಕ ದಟ್ಟವಾಗಿರುತ್ತದೆ. ಕ್ಯೂಬಾದ ಹವಾನಾದಲ್ಲಿ ರೂಪುಗೊಂಡ ನಿಮೊಟುಜುಮ್ಯಾಬ್ ಎಂಬ ಪ್ರತಿಕಾಯವನ್ನು ಬೆಂಗಳೂರಿನ ಬಯೋಕಾನ್ ಕಂಪನಿ 2006ರಲ್ಲಿ ಇದಕ್ಕಾಗಿಯೇ ಭಾರತದ ಮಾರುಕಟ್ಟೆಗೆ ತಂದಿತು. ಮುಂಬೈನ ಟಾಟಾ ಆಸ್ಪತ್ರೆಯಲ್ಲಿ 536 ರೋಗಿಗಳ ಮೇಲೆ ಅದರ ಪ್ರಯೋಗ ನಡೆದು 2019ರಲ್ಲಿ ಪ್ರಕಟವಾಯಿತು. ರೋಗ ಮುಂದುವರಿಯದೆ ನಿಂತ ಅವಧಿ ಹೆಚ್ಚಿತು. ಒಟ್ಟು ಬದುಕಿನ ಅವಧಿಯ ವ್ಯತ್ಯಾಸ ಖಚಿತವಾಗಲಿಲ್ಲ. ಶ್ವಾಸಕೋಶದಲ್ಲಿ ಕಂಡ ಆ 71ಕ್ಕೆ ಒಂದು ಎಂಬಂಥ ಗೆರೆ ಇಲ್ಲಿ ಕಾಣುವುದಿಲ್ಲ. ಹೊಗೆಸೊಪ್ಪು ವರ್ಷಗಟ್ಟಲೆ ಕೂತು ಕೆಡಿಸಿದ ಕೋಶದಲ್ಲಿ ತೂಬಿನ ಜೊತೆಗೆ ಕಾಲುವೆ, ದಂಡೆ, ಕಾವಲು ಎಲ್ಲವೂ ಹಾಳಾಗಿರುತ್ತವೆ. ಬಾಯಿ ಕ್ಯಾನ್ಸರಿಗೆ ನನ್ನ ವಿಜ್ಞಾನದಲ್ಲಿರುವ ಅತ್ಯುತ್ತಮ ಔಷಧವೂ ಗುಟ್ಕಾ ಬಿಡಿಸುವುದಕ್ಕೆ ಸಮವಲ್ಲ. 2013ರಲ್ಲಿ ಕರ್ನಾಟಕ ಗುಟ್ಕಾ ನಿಷೇಧಿಸಿತು. ಆಮೇಲೆ ಪಾನ್ ಮಸಾಲೆ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ ಎಂದು ಅದೇ ಅಂಗಡಿಗಳಲ್ಲಿ ತೂಗಿತು. ಅಡಿಕೆ ಬೆಳೆಯುವ ಸೀಮೆಯಿಂದ ಬಂದವನಾಗಿ ಇನ್ನೊಂದನ್ನು ಹೇಳಲು ನನಗೆ ಕಷ್ಟ. ಆದರೂ ಹೇಳಬೇಕು. ತಂಬಾಕಿಲ್ಲದ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಎರಡು ದಶಕಗಳ ಹಿಂದೆಯೇ ವರ್ಗೀಕರಿಸಿದೆ. ನಮ್ಮ ಮನೆಗಳ ಅನ್ನ ಆ ತೋಟದಿಂದ ಬಂದದ್ದು ಎಂಬ ಕಾರಣಕ್ಕೆ ಅದನ್ನು ಮುಚ್ಚಿಡಲಾಗದು.

ಬೆಂಗಳೂರಿನ ಇನ್ನೊಂದು ಕೊಡುಗೆ ಹೆಚ್ಚು ಜೀವಗಳನ್ನು ಮುಟ್ಟಿದೆ. ಟ್ರಾಸ್ಟುಜುಮ್ಯಾಬ್‌ನ ಒಂದು ಸೀಸೆಗೆ ಲಕ್ಷ ರೂಪಾಯಿಗೂ ಮೀರಿ ಬೆಲೆಯಿದ್ದ ಕಾಲವೊಂದಿತ್ತು. ಮೂರು ವಾರಕ್ಕೊಮ್ಮೆ, ಒಂದು ವರ್ಷ. ಎಷ್ಟೋ ಮನೆಗಳಲ್ಲಿ ವರದಿ ಓದಿ, ಬೆಲೆ ಕೇಳಿ, ಎದ್ದು ಬಂದಿದ್ದಾರೆ. ಮೂಲ ಔಷಧಕ್ಕೆ ಸಮನಾದ ಜೈವಿಕ ಔಷಧವನ್ನು ಬಯೋಕಾನ್ ತಯಾರಿಸಿ 2014ರಲ್ಲಿ ಭಾರತದಲ್ಲಿ ಕಡಿಮೆ ಬೆಲೆಗೆ ಬಿಡುಗಡೆ ಮಾಡಿತು. ಮೈಲಾನ್ ಕಂಪನಿಯ ಜೊತೆಗೂಡಿ ತಯಾರಿಸಿದ ಅದಕ್ಕೆ 2017ರ ಡಿಸೆಂಬರಿನಲ್ಲಿ ಅಮೆರಿಕದ ಅನುಮತಿಯೂ ಸಿಕ್ಕಿತು. ಟ್ರಾಸ್ಟುಜುಮ್ಯಾಬ್‌ನ ಸಮಾನ ಔಷಧವೊಂದಕ್ಕೆ ಅಲ್ಲಿ ಸಿಕ್ಕ ಮೊದಲ ಅನುಮತಿ ಅದು. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಈ ಔಷಧವನ್ನು ಅವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿತ್ತು. ಕೇಂದ್ರ ಸರ್ಕಾರ 2024ರ ಜುಲೈ ಬಜೆಟ್ಟಿನಲ್ಲಿ ಮೂರು ಕ್ಯಾನ್ಸರ್ ಔಷಧಗಳ ಆಮದು ಸುಂಕವನ್ನು ತೆಗೆದುಹಾಕಿತು. ಆ ಮೂರರಲ್ಲಿ ಎರಡು ಬೆಳವಣಿಗೆಯ ಗ್ರಾಹಕಗಳಿಗೆ ಗುರಿಯಿಟ್ಟವು. ಒಂದು ಆಗಲೇ ಹೇಳಿದ ಒಸಿಮರ್ಟಿನಿಬ್. ಇನ್ನೊಂದರ ವಿಷಯ ಈಗ ಬರುತ್ತದೆ.

ಅದಕ್ಕೆ ಮೊದಲು ವರದಿ ಓದುವ ಬಗೆ. ಗೆಡ್ಡೆಯ ತೆಳುಪದರಕ್ಕೆ ಹರ್-2 ಹಿಡಿಯುವ ಪ್ರತಿಕಾಯ ಹಾಕಿ ಬಣ್ಣ ಬರಿಸುತ್ತಾರೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗ್ರಾಹಕ ಹೆಚ್ಚಿರುವ ಕೋಶಗಳ ಸುತ್ತ ದಪ್ಪ ಕಂದು ಉಂಗುರ ಕಾಣುತ್ತದೆ. ಅದು 3+. ಉಂಗುರ ಮಸುಕಾಗಿದ್ದರೆ 2+. ಆಗ ಫಿಶ್ ಎಂಬ ಇನ್ನೊಂದು ಪರೀಕ್ಷೆಯಲ್ಲಿ ವಂಶವಾಹಿಯ ಪ್ರತಿಗಳನ್ನೇ ಎಣಿಸಬೇಕು. 2+ ಎಂದು ಬರೆದು ಫಿಶ್ ಮಾಡಿಸದೆ ಬಿಟ್ಟ ವರದಿ ಅರ್ಧ ವರದಿ. ಇನ್ನೂ ಮಸುಕಾಗಿದ್ದರೆ 1+, ಏನೂ ಇಲ್ಲದಿದ್ದರೆ ಸೊನ್ನೆ. ಈ ಬಣ್ಣ ಸರಿಯಾಗಿ ಬರಬೇಕಾದರೆ ತೆಗೆದ ಗಂಟನ್ನು ತಡಮಾಡದೆ ಫಾರ್ಮಲಿನ್‌ಗೆ ಹಾಕಬೇಕು, ಅದರಲ್ಲಿ ಆರು ಗಂಟೆಯಿಂದ 72 ಗಂಟೆಯವರೆಗೆ ಇಡಬೇಕು. ಉಪ್ಪುನೀರಿನ ಬಾಟಲಿಯಲ್ಲಿ ಹಾಕಿ ಬಸ್ಸಿನಲ್ಲಿ ಕಳಿಸಿದ ಗಂಟಿನ ಮೇಲೆ ಎಂಥ ದೊಡ್ಡ ಪ್ರಯೋಗಾಲಯವೂ ಸತ್ಯ ಹೇಳಲಾರದು. ಪರೀಕ್ಷೆ ಮುಗಿದ ಮೇಲೆ ಮೇಣದಲ್ಲಿ ಹುದುಗಿಸಿದ ಆ ಅಂಗಾಂಶದ ಬ್ಲಾಕ್‌ಗಳು ಆಸ್ಪತ್ರೆಯಲ್ಲಿ ಉಳಿಯುತ್ತವೆ. ಬೇಕೆಂದಾಗ ಕೇಳಿ ಪಡೆಯಿರಿ. ವರ್ಷಗಳ ನಂತರವೂ ಅವುಗಳಿಂದ ಹೊಸ ಪರೀಕ್ಷೆ ಮಾಡಿಸಬಹುದು.

ಮಾಡಿಸಬೇಕಾದ ಕಾರಣ ಇದು. ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ 1+ ಎಂದರೆ ಹರ್-2 ಇಲ್ಲ ಎಂದೇ ಲೆಕ್ಕ. ಆಮೇಲೆ ಟ್ರಾಸ್ಟುಜುಮ್ಯಾಬ್‌ಗೆ ಕೀಮೋ ಔಷಧದ ಕಣಗಳನ್ನು ಪೋಣಿಸಿದ ಟ್ರಾಸ್ಟುಜುಮ್ಯಾಬ್ ಡೆರುಕ್ಸ್‌ಟೆಕಾನ್ ಬಂತು. ಸುಂಕ ತೆಗೆದ ಎರಡನೆಯ ಔಷಧ ಇದೇ. ಇದು ತೂಬು ಮುಚ್ಚುವುದನ್ನಷ್ಟೇ ನೆಚ್ಚಿಕೊಂಡಿಲ್ಲ. ತೂಬಿನ ಗುರುತು ಹಿಡಿದು ಅದರ ಮೂಲಕವೇ ವಿಷವನ್ನು ಒಳಕ್ಕೆ ಸಾಗಿಸುತ್ತದೆ. ಹಾಗಾಗಿ ನೂರು ತೂಬು ಬೇಕಿಲ್ಲ, ಕೆಲವಿದ್ದರೂ ಸಾಕು. ರೋಗ ಹರಡಿದ್ದ, ಹರ್-2 ಅಲ್ಪವಾಗಿದ್ದ 557 ರೋಗಿಗಳಲ್ಲಿ ಬದುಕಿನ ಮಧ್ಯಮಾವಧಿ 16.8 ತಿಂಗಳಿಂದ 23.4 ತಿಂಗಳಿಗೆ ಏರಿದ ಫಲಿತಾಂಶವನ್ನು 2022ರ ಜೂನ್‌ನಲ್ಲಿ ಷಿಕಾಗೋದಲ್ಲಿ ಓದಿದಾಗ ಸಭಾಂಗಣದಲ್ಲಿದ್ದ ವೈದ್ಯರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅಲ್ಲಿಯವರೆಗೆ ಗ್ರಾಹಕವಿಲ್ಲ ಎಂದು ಪಕ್ಕಕ್ಕಿಟ್ಟಿದ್ದ ವರದಿಗಳಲ್ಲಿ ಅರ್ಧಕ್ಕೂ ಹೆಚ್ಚಿನವಕ್ಕೆ ಹೊಸ ಅರ್ಥ ಬಂತು.

ಆ ಸುದ್ದಿ ಓದಿದ ರಾತ್ರಿ ನಾನು ಬೀರುವಿನಿಂದ ಅಕ್ಕನ ಫೈಲು ತೆಗೆದೆ. ಆಕೆಯ ರೋಗ 2013ರಲ್ಲಿ ಮರುಕಳಿಸಿ ಯಕೃತ್ತಿಗೆ ಹರಡಿ, 2014ರಲ್ಲಿ ಆಕೆ ಹೋಗಿದ್ದಳು. ವರದಿಯ ಮಡಿಕೆಗಳು ಹರಿಯುವಂತಾಗಿದ್ದವು. 2010ರಲ್ಲಿ ಆಕೆಯ ಪಕ್ಕ ಕೂತು ಆ ಮೂರನೆಯ ಸಾಲಿನ ಮೇಲೆ ಬೆರಳಿಟ್ಟು, "ಇದು ಇಲ್ಲ ಅಂತ ಬಂದಿದೆ ಅಕ್ಕ, ಆ ದುಬಾರಿ ಔಷಧ ನಿನಗೆ ಬೇಕಾಗಲ್ಲ" ಎಂದು ನಾನೇ ಹೇಳಿದ್ದೆ. ಅವತ್ತಿನ ವಿಜ್ಞಾನಕ್ಕೆ ಅದು ಸರಿಯಾದ ಉತ್ತರವೇ ಆಗಿತ್ತು. ಆಕೆ ನಿರಾಳವಾಗಿ ನಕ್ಕು ಒಳಗೆ ಕಾಫಿಗಿಡಲು ಎದ್ದು ಹೋಗಿದ್ದಳು. ಫೈಲಿನಲ್ಲಿ ಆ ಸಾಲು ಹಾಗೇ ಇದೆ. ಹರ್-2, ಅದರ ಮುಂದೆ 1+.